ಗಿಡ ನೆಟ್ಟಿದ್ದಾಯ್ತು, ಏಪ್ರಿಲ್ಲಲ್ಲಿ ನೀರು ಹಾಕೋರ್ಯಾರು?

ಹೋದ ಸಂಚಿಕೆಲಿ ‘ನಿಮ್ಮ ಕಾಲೇಜಲ್ಲಿ ಪರಿಸರದ ಹೆಸ್ರಲ್ಲಿ ಏನೇನ್ ನಡೀತಿದೆ, ಬರೀರಿ’ ಅಂತ ಕೇಳಿದ್ದೆ. ಕಾಗ್ದ, ಇ-ಮೇಲು, ವಾಟ್ಸಾಪ್ ಎಲ್ಲಾ ಸೇರಿ ಒಂದು ಚೀಲದಷ್ಟು ಬಂದಿದೆ, ಎಲ್ಲಕ್ಕೂ ಉತ್ರ ಕೊಡೋಕಾಗಲ್ಲ, ಬೇಜಾರ್ ಮಾಡ್ಕೋಬೇಡಿ. ಹೊಸಬರಿಗೆ ಒಂದು ಮಾತು, ನಾನು 29 ವರ್ಷ ಡಿಗ್ರಿ ಕಾಲೇಜಲ್ಲಿ ಬಾಟನಿ ಪಾಠ ಮಾಡ್ದೋಳು, ಅದ್ರಲ್ಲಿ ಹನ್ನೊಂದು ವರ್ಷ ಇಕೋ ಕ್ಲಬ್ ನನ್ನ ತಲೆಗೇ ಕಟ್ಟಿದ್ರು, ಹಂಗಾಗಿ ಇಲ್ಲಿ ಬೈಯೋ ತಪ್ಪುಗಳಲ್ಲಿ ಅರ್ಧ ನಾನೇ ಮಾಡಿದ್ದು.

ಮೇಡಂ, ನಾನು ಎನ್‌ಎಸ್‌ಎಸ್ ವಾಲಂಟಿಯರ್. ಪ್ರತಿ ಜುಲೈಗೆ ನೂರು ಗಿಡ ನೆಡ್ತೀವಿ, ಫೋಟೋ ತೆಗೀತೀವಿ, ಯುಗಾದಿ ಹೊತ್ಗೆ ಹತ್ತು ಉಳಿದಿದ್ರೆ ಪುಣ್ಯ. ಈ ಸಲಾನೂ ನೂರೇ ಅಂತೆ. ಏನ್ಮಾಡೋದು?
— ಬಿ.ಎಸ್ಸಿ. ಎರಡನೇ ವರ್ಷ, ತುಮಕೂರು

ನೂರು ಬೇಡ, ಹನ್ನೆರಡು ನೆಡಿ. ಯಾಕೆ ಅಂತ ಹೇಳ್ತೀನಿ, ಅದಕ್ಕೂ ಮೊದ್ಲು ನನ್ನ ಕಥೆ ಕೇಳಿ.

ನಾನು ಇಕೋ ಕ್ಲಬ್ ವಹಿಸ್ಕೊಂಡ ಮೂರನೇ ವರ್ಷ, ವನಮಹೋತ್ಸವದ ಹಿಂದಿನ ದಿನ ನಮ್ಮ ಅಟೆಂಡರ್ ಹತ್ರ ಹೋಗಿ ಗುಂಡಿ ತೋಡೋಕೆ ಆಳು ಸಿಗ್ತಾರಾ ಅಂದೆ. ಅವ್ರು ‘ಆಳ್ಯಾಕೆ ಮೇಡಂ, ಹೋದೊರ್ಷದ ಗುಂಡಿಗಳೇ ಅವಲ್ಲ, ಒಣಗಿರೋ ಕಡ್ಡಿ ಕಿತ್ತಾಕಿದ್ರೆ ಆಯ್ತು’ ಅಂದ್ರು. ವ್ಯಂಗ್ಯಕ್ಕಲ್ಲ, ಪಾಪ ನಂಗೆ ಖರ್ಚು ಉಳೀಲಿ ಅಂತ್ಲೇ ಹೇಳಿದ್ದು. ಹೋಗಿ ನೋಡಿದ್ರೆ ಹೌದು, ಗ್ರೌಂಡ್ ಪಕ್ಕ ಸಾಲಾಗಿ ಗುಂಡಿಗಳು, ಒಂದೊಂದ್ರಲ್ಲೂ ಒಂದೊಂದು ಕಡ್ಡಿ, ನಾಲ್ಕೈದನ್ನ ಕಿತ್ರೆ ನರ್ಸರಿಯಿಂದ ಬಂದ ಕಪ್ಪು ಪ್ಲಾಸ್ಟಿಕ್ ಕವರ್ ಹಂಗೇ ಇದೆ, ಕವರ್ ಸಮೇತ ಹೂತಿದಾರೆ, ಬೇರು ಅದರೊಳಗೇ ಸುತ್ಕೊಂಡು ಸುತ್ಕೊಂಡು ಸತ್ತಿದೆ. ನೆಟ್ಟೋರು ಯಾರೋ ಅತಿಥಿಗಳು ಇರ್ಬೇಕು, ಬಿಚ್ಚಿ ಅಂತ ಹೇಳೋಕೆ ಯಾರಿಗೂ ಧೈರ್ಯ ಬಂದಿಲ್ಲ. ಗೇಟಿಗೆ ಕಟ್ಟಿದ ಫ್ಲೆಕ್ಸೂ ಹಳೇದೇ, ಇಸವಿ ಮೇಲೆ ಮಾತ್ರ ಬಿಳೀ ಕಾಗ್ದ ಅಂಟ್ಸಿದ್ರು. ಈಗಂತೂ ಆ ಫ್ಲೆಕ್ಸೇ ತಪ್ಪು, ನಮ್ಮ ರಾಜ್ಯದಲ್ಲಿ 2016ರಲ್ಲೇ ಪ್ಲಾಸ್ಟಿಕ್ ಜೊತೆ ಫ್ಲೆಕ್ಸನ್ನೂ ಬ್ಯಾನ್ ಮಾಡಿದಾರೆ, ಆದ್ರೂ ‘ಪರಿಸರ ಉಳಿಸಿ’ ಅಂತ ಬರೆಸೋಕೆ ನಮಗೆ ಫ್ಲೆಕ್ಸೇ ಬೇಕು.

ಜುಲೈಲಿ ವನಮಹೋತ್ಸವ ಅನ್ನೋದು ಕೆ.ಎಂ. ಮುನ್ಷಿ ಅವ್ರು ಕೇಂದ್ರ ಮಂತ್ರಿ ಆಗಿದ್ದಾಗ 1950ರಲ್ಲಿ ಶುರು ಮಾಡಿದ ಲೆಕ್ಕ, ಇಡೀ ದೇಶಕ್ಕೆ ಒಂದೇ ವಾರ. ಆದ್ರೆ ನಿಮ್ಮ ತುಮಕೂರು, ಆ ಕಡೆ ಚಿತ್ರದುರ್ಗ, ಇಲ್ಲೆಲ್ಲಾ ಜುಲೈಲಿ ಗಾಳಿನೇ ಜಾಸ್ತಿ, ಮಳೆ ಅಂದ್ರೆ ತುಂತುರು, ನಿಜವಾದ ಮಳೆ ಬರೋದು ಸೆಪ್ಟೆಂಬರು ಅಕ್ಟೋಬರಲ್ಲಿ. ಅದಾದ್ಮೇಲೆ ಡಿಸೆಂಬರಿಂದ ಮೇ ತನಕ ಆಕಾಶ ನೋಡ್ಕೊಂಡು ಕೂರೋದೇ. ಆ ಐದಾರು ತಿಂಗ್ಳು ಒಂದೊಂದು ಸಸಿಗೂ ವಾರಕ್ಕೆ ಎರಡು ಸಲ ಹತ್ತತ್ತು ಲೀಟರ್ ನೀರು ಬೇಕು. ಹನ್ನೆರಡು ಗಿಡ ಆದ್ರೆ 120 ಲೀಟರ್, ಒಬ್ರು ಪೈಪ್ ಹಿಡ್ಕೊಂಡು ಅರ್ಧ ಗಂಟೇಲಿ ಮುಗಿಸ್ತಾರೆ. ನೂರು ಆದ್ರೆ ಸಾವಿರ ಲೀಟರ್, ಅದೂ ಪರೀಕ್ಷೆ, ರಜೆ, ಬೋರ್‌ವೆಲ್ ಕೈ ಕೊಡೋ ಸಮಯದಲ್ಲಿ. ಯಾರು ಹಾಕ್ತಾರೆ ಹೇಳಿ.

ನಿಮ್ಮೂರಿಂದ ಮಾಗಡಿ ಕಡೆ ಹೋದ್ರೆ ಹುಲಿಕಲ್ಲು, ಕುದೂರು ಸಿಗತ್ತೆ. ಸಾಲುಮರದ ತಿಮ್ಮಕ್ಕ, ಅವ್ರ ಯಜಮಾನ್ರು ಚಿಕ್ಕಯ್ಯ ನೆಟ್ಟ ಆಲದ ಮರಗಳು ಆ ರಸ್ತೇಲೇ ಇರೋದು, ಒಂದ್ಸಲ ಹೋಗಿ ನೋಡ್ಕೊಂಡು ಬನ್ನಿ. ನಾವೆಲ್ಲಾ ‘ನೆಟ್ರು ನೆಟ್ರು’ ಅಂತೀವಿ, ಅವ್ರು ಮಾಡಿದ ದೊಡ್ಡ ಕೆಲ್ಸ ಕೊಡದಲ್ಲಿ ನೀರು ಹೊತ್ತಿದ್ದು, ದನ ಕುರಿ ಬಾಯಿ ಹಾಕ್ದಂಗೆ ಮುಳ್ಳು ಕಟ್ಟಿದ್ದು. ಗುಂಡಿ ತೋಡೋದು ಅದ್ರಲ್ಲಿ ಒಂದು ಬೆಳಗ್ಗೆ ಕೆಲ್ಸ ಅಷ್ಟೇ.

ಹಂಗಾಗಿ ಮೇ ತಿಂಗ್ಳಲ್ಲೇ ಎರಡಡಿ ಆಳ ಎರಡಡಿ ಅಗಲದ ಗುಂಡಿ ತೋಡಿ ಬಿಸಿಲಿಗೆ ಬಿಡಿ, ಮೇಲ್ಮಣ್ಣು, ಹಳೇ ಸಗಣಿ ಗೊಬ್ಬರ ತುಂಬಿ, ಮೊಣಕಾಲೆತ್ತರದ ಸಸಿ ಬೇಡ, ನಿಮ್ಮೆದೆ ಮಟ್ಟ ಬಂದಿರೋ ಹೊಂಗೆ, ನೇರಳೆ, ಬಸರಿ, ಅತ್ತಿ ತನ್ನಿ. ಕರೆಂಟ್ ತಂತಿ ಕೆಳಗೆ ಬೇಡ, ಹತ್ತು ವರ್ಷ ಆದ್ಮೇಲೆ ಕರೆಂಟಿನವ್ರು ಬಂದು ಮರದ ತಲೆ ಕಡೀತಾರೆ. ಮುಖ್ಯವಾಗಿ, ನಲ್ಲಿ ಎಲ್ಲಿದೆಯೋ ಅಲ್ಲಿಂದ ಪೈಪ್ ಎಳೆದು ನೋಡಿ, ಪೈಪ್ ಮುಟ್ಟೋ ಜಾಗದಲ್ಲಿ ಮಾತ್ರ ನೆಡಿ. ಗಿಡ ನೋಡ್ಕೊಳೋ ಮಾಲಿನ ಮೊದ್ಲೇ ಕೂರಿಸ್ಕೊಂಡು ಕೇಳಿ, ಅವ್ರು ‘ಇಲ್ಲಿ ಬರಲ್ಲ’ ಅಂದ ಜಾಗದಲ್ಲಿ ಬರಲ್ಲ. ಪ್ರಿನ್ಸಿಪಾಲರಿಗೆ ನೂರೇ ಬೇಕು ಅಂತ ಹಟ ಇದ್ರೆ ಉಳಿದ 88 ಸಸಿನ ಮಕ್ಳ ಮನೆಗೆ, ಹೊಲದ ಬದುವಿಗೆ ಕಳ್ಸಿ, ಫೋಟೋಗೆ ನೂರು ಕಾಣತ್ತೆ.

ಪ್ಲಾಸ್ಟಿಕ್ ಲೋಟ ನಿಲ್ಸಿ ಕ್ಯಾಂಟೀನಲ್ಲಿ ಪೇಪರ್ ಕಪ್ ತಂದಿದೀವಿ. ಇದು ಪರಿಸರಸ್ನೇಹಿ ತಾನೇ?
— ವಿದ್ಯಾರ್ಥಿ ಸಂಘ, ಶಿವಮೊಗ್ಗ

ಅಲ್ಲ. ಬರೀ ಪೇಪರ್ ಆಗಿದ್ರೆ ಟೀ ಹಾಕಿದ ತಕ್ಷಣ ನಿಮ್ಮ ಕೈಲೇ ಕರಗಿ ಹೋಗ್ಬೇಕಿತ್ತು. ಒಳಗೆ ತೆಳೂ ಪ್ಲಾಸ್ಟಿಕ್ ಪದರ ಇರತ್ತೆ, ಉಗುರಲ್ಲಿ ಕೆರೆದು ನೋಡಿ, ಏಳತ್ತೆ. ಹಂಗಾಗಿ ಅದು ಗೊಬ್ಬರಕ್ಕೂ ಬರಲ್ಲ, ರದ್ದಿಯವ್ನೂ ತಗೊಳಲ್ಲ. ಸ್ಟೀಲ್ ಲೋಟ, ತೊಳ್ಯೋಕೆ ಒಬ್ರು ಹೆಂಗಸಿಗೆ ಸಂಬಳ. ಕ್ಯಾಂಟೀನವ್ರು ತಪ್ಪಿಸ್ಕೊಳೋದು ಈ ಎರಡನೇದ್ರಿಂದ, ಅದನ್ನ ಟೆಂಡರಲ್ಲೇ ಬರೆಸಿ.

ಕಾಲೇಜಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರ್ತಿದೆ. ಕ್ಯಾಂಪಸ್ಸಿನ ಪರಿಸರದ ಲೆಕ್ಕ ತೆಗ್ಯೋ ಗ್ರೀನ್ ಆಡಿಟ್ ನನ್ನ ಮೇಲೆ ಬಿದ್ದಿದೆ. ಒಂದು ಏಜೆನ್ಸಿಯವ್ರು ಕ್ಯಾಂಪಸ್ಸಿಗೇ ಬರ್ದೆ ಫೋಟೋ ಕಳ್ಸಿದ್ರೆ ಸಾಕು, ಸರ್ಟಿಫಿಕೇಟ್ ಕೊಡ್ತೀವಿ ಅಂತಿದಾರೆ. ತಗೊಳ್ಳೋದಾ?
— ಅಸಿಸ್ಟೆಂಟ್ ಪ್ರೊಫೆಸರ್, ದಾವಣಗೆರೆ

ನೀವು ಕೇಳ್ತಿರೋ ರೀತಿ ನೋಡಿದ್ರೆ ಬೇಡ ಅಂತ ನಿಮಗೇ ಗೊತ್ತಿದೆ. ನ್ಯಾಕ್‌ನ ಏಳನೇ ಮಾನದಂಡದಲ್ಲಿ ಗ್ರೀನ್ ಆಡಿಟ್ಟು ಎನರ್ಜಿ ಆಡಿಟ್ಟು ಕೇಳೋಕೆ ಶುರು ಮಾಡಿದ್ಮೇಲೆ ಇದೊಂದು ಅಂಗಡಿನೇ ಆಗೋಗಿದೆ. ಆದ್ರೆ ಸರ್ಟಿಫಿಕೇಟ್ ಬೇಕೇಬೇಕು ಅಂತಿದ್ರೂ ಅದಕ್ಕಿಂತ ಮುಂಚೆ ನಿಮ್ದೇ ಒಂದು ಲೆಕ್ಕ ಮಾಡಿ, ಎರಡು ದಿನದ ಕೆಲ್ಸ, ಮಜಾನೂ ಇರತ್ತೆ.

ಆಫೀಸಿಂದ ಹನ್ನೆರಡು ತಿಂಗ್ಳ ಕರೆಂಟ್ ಬಿಲ್ ಇಸ್ಕೊಳಿ. ನಾಲ್ಕು ಹುಡುಗ್ರನ್ನ ಬಿಟ್ಟು ಫ್ಯಾನ್ ಎಣಿಸಿ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್ ಎಳಿಯತ್ತೆ, ಈಗಿನ ಬಿಎಲ್‌ಡಿಸಿ ಫ್ಯಾನ್ 30ರ ಆಸುಪಾಸು. 200 ಫ್ಯಾನ್ ಇದ್ದು, ದಿನಕ್ಕೆ ಆರು ಗಂಟೆ, ವರ್ಷಕ್ಕೆ 200 ದಿನ ತಿರುಗಿದ್ರೆ ಉಳಿಯೋದು 10,800 ಯೂನಿಟ್. ನಿಮ್ಮ ಬಿಲ್ಲಲ್ಲಿ ಯೂನಿಟ್ಟಿಗೆ ಎಷ್ಟು ಹಾಕಿದಾರೆ ನೋಡಿ ಗುಣಿಸ್ಕೊಳಿ, ಎಷ್ಟು ವರ್ಷಕ್ಕೆ ಫ್ಯಾನ್ ದುಡ್ಡು ವಾಪಸ್ ಬರತ್ತೆ ಅಂತ ಗೊತ್ತಾಗತ್ತೆ. ಒಂದೇ ಸಲ ಎಲ್ಲಾ ಕಿತ್ತಾಕೋದು ಬೇಡ, ಕೆಟ್ಟಿದ್ದಕ್ಕೆ ಹೊಸದು ಹಾಕುವಾಗ ಇದನ್ನೇ ಹಾಕಿ ಅಂತ ಒಂದು ಸರ್ಕ್ಯುಲರ್ ಮಾಡ್ಸಿದ್ರೂ ಆಯ್ತು.

ಇನ್ನೊಂದು, ಇದನ್ನ ಯಾವ ಏಜೆನ್ಸಿನೂ ಮಾಡಲ್ಲ. ಸಂಜೆ ಆರಕ್ಕೆ ಮೀಟರ್ ಓದಿ, ಬೆಳಗ್ಗೆ ಆರಕ್ಕೆ ಮತ್ತೆ ಓದಿ. ಖಾಲಿ ಕಾಲೇಜು ರಾತ್ರಿ ಎಷ್ಟು ತಿಂತು ಅಂತ ಸಿಗತ್ತೆ. ನಾವು ಹಂಗೆ ನೋಡಿದಾಗ ನಂಬೋಕಾಗ್ದಷ್ಟು ಬಂತು, ಹುಡುಕ್ತಾ ಹೋದ್ರೆ ಒಂದನೇದು ಕಂಪ್ಯೂಟರ್ ಲ್ಯಾಬಿನ ಯುಪಿಎಸ್ಸು, ಎರಡನೇದು ಯಾರೂ ನೀರು ಕುಡೀದೇ ಇರೋ ವಾಟರ್ ಕೂಲರ್ರು, ಮೂರನೇದು ಟ್ಯಾಂಕ್ ತುಂಬ್ಸೋ ಮೋಟ್ರು. ಸೈನ್ಸ್ ಬ್ಲಾಕ್ ಹಿಂದಿನ ಗೋಡೆ ಮೇಲೆ ಮೇಲಿಂದ ಕೆಳಗಿನ ತನಕ ಒಂದಡಿ ಅಗಲ ಹಸಿರು ಪಾಚಿ ಪಟ್ಟೆ ಇತ್ತು, ಬಾಟನಿ ಮೇಡಂ ನಾನು, ಬ್ರಯೋಫೈಟ್, ಅಂದ್ರೆ ಹಾವಸೆ ಜಾತಿ ಗಿಡ ತೋರ್ಸೋಕೆ ಮಕ್ಳನ್ನ ಅಲ್ಲಿಗೇ ಕರ್ಕೊಂಡು ಹೋಗ್ತಿದ್ದೆ, ಟ್ಯಾಂಕ್ ದಿನಾ ತುಂಬಿ ಹರಿದಿದ್ದಕ್ಕೇ ಅದು ಬೆಳೆದಿರೋದು ಅಂತ ಅಷ್ಟು ವರ್ಷ ಹೊಳೀಲಿಲ್ಲ ನೋಡಿ.

ಚೀನಾ, ಅಮೆರಿಕ ಅಷ್ಟೊಂದು ಹೊಗೆ ಬಿಡ್ತಿರ್ಬೇಕಾದ್ರೆ ನಮ್ಮ ಕ್ಲಾಸಲ್ಲಿ ಲೈಟ್ ಆಫ್ ಮಾಡಿ ಏನ್ ಉದ್ಧಾರ?
— ಓದುಗ, ಬಳ್ಳಾರಿ

ಭೂಮಿ ವಿಷ್ಯ ಆಮೇಲೆ ನೋಡೋಣ, ಕರೆಂಟ್ ಬಿಲ್ ಕಟ್ಟೋದು ನಿಮ್ಮ ಫೀಸಲ್ಲಿ, ಚೀನಾದವ್ರಲ್ಲ.

ಹಾಸ್ಟೆಲ್ ಮೆಸ್ಸಲ್ಲಿ ದಿನಾ ಡ್ರಮ್ಮುಗಟ್ಲೆ ಊಟ ವೇಸ್ಟ್ ಆಗತ್ತೆ. ಕಾಂಪೋಸ್ಟ್ ಮಾಡೋಕೆ ಹೋದ್ವಿ, ನಾಲ್ಕೇ ದಿನಕ್ಕೆ ಗಬ್ಬು ನಾತ, ವಾರ್ಡನ್ ನಿಲ್ಲಿಸಿಬಿಟ್ರು.
— ಎಂ.ಎ. ವಿದ್ಯಾರ್ಥಿ, ಧಾರವಾಡ

ನಾತ ಬಂತು ಅಂದ್ರೆ ನೀವು ಊಟ ಮಾತ್ರ ಹಾಕಿದೀರಿ, ಎಲೆ ಹಾಕಿಲ್ಲ. ಅನ್ನ ಸಾರು ಎಲ್ಲಾ ನೀರು, ಗಾಳಿ ಆಡಲ್ಲ, ಕೊಳೆತು ಹುಳಿ ನಾತ ಹೊಡಿಯತ್ತೆ. ಮೊದ್ಲು ಜರಡಿಲಿ ನೀರು ಬಸೀರಿ, ಒಂದು ಬಕೆಟ್ ಊಟಕ್ಕೆ ಎರಡರಿಂದ ಮೂರು ಬಕೆಟ್ ಒಣ ಎಲೆ, ಮೇಲೆ ಒಂದು ಬೊಗಸೆ ಹಳೇ ಗೊಬ್ಬರನೋ ಸಗಣಿ ನೀರೋ, ಹಿಂಗೆ ಪದರ ಪದರ. ಮೇಲಿನ ಪದರ ಯಾವಾಗ್ಲೂ ಎಲೆನೇ ಇರ್ಬೇಕು, ಊಟ ಕಣ್ಣಿಗೆ ಕಾಣಬಾರ್ದು, ಕಂಡ್ರೆ ನೊಣ. ಐದಾರು ದಿನ ಆದ್ಮೇಲೆ ಬೆಳಗಿನ ಜಾವ ಹೋಗಿ ಗುಡ್ಡೆ ಒಳಗೆ ಕೈ ತೂರ್ಸಿ ನೋಡಿ, ತಡ್ಕೊಳೋಕಾಗ್ದಷ್ಟು ಬಿಸಿ ಇರತ್ತೆ, ಚಳಿಗಾಲ ಆದ್ರೆ ಕೆದಕಿದಾಗ ಹಬೆನೇ ಏಳತ್ತೆ. ಅದು ಸರಿಯಾಗಿದೆ ಅಂತ ಲೆಕ್ಕ. ವಾರಕ್ಕೊಂದ್ಸಲ ಮಗುಚಿ, ಮುಷ್ಟಿಲಿ ಹಿಂಡಿದ್ರೆ ಉಂಡೆ ಆಗ್ಬೇಕು, ನೀರು ತೊಟ್ಟಿಕ್ಕಬಾರ್ದು. ಮೂರು ತಿಂಗ್ಳಿಗೆ ಕಾಡಿನ ಮಣ್ಣಿನ ವಾಸನೆ ಬರತ್ತೆ. ಬಿಳಿ ಹುಳ ಕಂಡ್ರೆ ಹೆದರಬೇಡಿ, ಎಲೆ ಜಾಸ್ತಿ ಹಾಕಿ ಮುಚ್ಚಿ.

ಎಲೆಗೆ ಎಲ್ಲಿ ಹೋಗೋದು ಅಂತ ಕೇಳ್ಬೇಡಿ. ಇದೇ ಅಂಚೆಲಿ ಮೈಸೂರಿಂದ ಇನ್ನೊಬ್ರು ಬರ್ದಿದಾರೆ, ಪಕ್ಕದ ಕಾಲೇಜವ್ರು ಫೆಬ್ರುವರಿ ಬಂದ್ರೆ ದಿನಾ ಬೆಳಗ್ಗೆ ಎಲೆ ಗುಡ್ಡೆ ಹಾಕಿ ಬೆಂಕಿ ಇಡ್ತಾರೆ, ವಯಸ್ಸಾದೋರಿಗೆ ಕೆಮ್ಮು ಅಂತ. ಆ ಎಲೇನೇ ಇದು. ಎಲೆ ಸುಡಬಾರ್ದು ಅಂತ ಹಸಿರು ನ್ಯಾಯಾಧಿಕರಣ ಹೇಳಿ ಎಷ್ಟೋ ವರ್ಷ ಆಯ್ತು. ಆದ್ರೆ ಗುಡಿಸೋರ ಮೇಲೆ ರೇಗಬೇಡಿ. ಒಂದು ಮಳೆಮರ ಎಲೆ ಉದುರ್ಸೋಕೆ ಶುರು ಮಾಡಿದ್ರೆ ಅವ್ರಿಗೆ ಹದಿನೈದು ದಿನ ಸೊಂಟ ಎತ್ತೋಕಾಗಲ್ಲ, ತುಂಬ್ಕೊಂಡು ಹೋಗೋಕೆ ಗಾಡಿ ಇಲ್ಲ, ಹಾಕೋಕೆ ಜಾಗ ಇಲ್ಲ, ಎಂಟು ಗಂಟೆಗೆ ಕ್ಯಾಂಪಸ್ ಕ್ಲೀನ್ ಇರ್ಬೇಕು, ಬೆಂಕಿ ಬಿಟ್ರೆ ಇನ್ನೇನಿದೆ ಅವ್ರ ಕೈಲಿ? ಮರಗಳ ಮಧ್ಯೆ ಕಬ್ಬಿಣದ ಜಾಲರಿ ಸುತ್ತಿ ಎಲೆ ಹಾಕೋಕೆ ನಾಲ್ಕೈದು ಗೂಡು ಮಾಡ್ಸಿ, ದೂರ ಹೊರೋ ಕೆಲ್ಸ ಇಲ್ಲ ಅಂದ್ರೆ ಬೆಂಕಿ ಪೊಟ್ಟಣ ತಾನಾಗೇ ಜೇಬಲ್ಲಿ ಉಳಿಯತ್ತೆ.

ಡ್ರಮ್ಮಿನ ವಿಷ್ಯಕ್ಕೆ ಬಂದ್ರೆ, ಗೊಬ್ಬರ ಮಾಡೋದು ಎರಡನೇ ಕೆಲ್ಸ. ಮೊದ್ಲು ಡ್ರಮ್ ಕೆಳಗೆ ಒಂದು ತೂಕದ ಮಷಿನ್ ಇಟ್ಟು ದಿನಾ ಬೋರ್ಡ್ ಮೇಲೆ ಬರೀರಿ, ಇವತ್ತು ಇಷ್ಟು ಕೆ.ಜಿ., ತಿಂಡಿ ಇಂಥದ್ದು ಅಂತ. ನಮ್ಮ ಲೇಡೀಸ್ ಹಾಸ್ಟೆಲಲ್ಲಿ ಹಂಗೆ ಮಾಡಿದಾಗ ಮೂರೇ ವಾರಕ್ಕೆ ಗುಟ್ಟು ರಟ್ಟಾಯ್ತು, ಉಪ್ಪಿಟ್ಟು ಮಾಡಿದ ದಿನ ಡ್ರಮ್ ಎರಡರಷ್ಟು. ಅಡುಗೆಯವ್ರನ್ನ ಕೇಳಿದ್ರೆ ‘ನಂಗೊತ್ತಿತ್ತು, ಮೆನು ಬರ್ಯೋರು ಮೇಲಿನೋರು, ನಮ್ಮನ್ಯಾರು ಕೇಳ್ತಾರೆ’ ಅಂದ್ರು. ವಾರಕ್ಕೆ ಮೂರಿದ್ದ ಉಪ್ಪಿಟ್ಟು ಒಂದಾಯ್ತು. ಉಪ್ಪಿಟ್ಟು ಪ್ರಿಯರು ಕ್ಷಮಿಸ್ಬೇಕು, ನಾನೂ ಅದೇ ಪಂಗಡ.

ನಮ್ಮ ಕಾಲೇಜಲ್ಲಿ ಮಳೆಕೊಯ್ಲು ಇದೆ, ಆದ್ರೂ 2024ರ ಬೇಸಿಗೇಲಿ ಟ್ಯಾಂಕರ್ ತರ್ಸಿದ್ವಿ. ಮಳೆಕೊಯ್ಲು ಬರೀ ಶೋಕಿನಾ?
— ಲೈಬ್ರರಿಯನ್, ಬೆಂಗಳೂರು

ಮೊದ್ಲು ಲೆಕ್ಕ. ಸಾವಿರ ಚದರಡಿ ತಾರಸಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಹೆಚ್ಚು ಕಮ್ಮಿ 93 ಲೀಟರ್. ಬೆಂಗ್ಳೂರಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಅಂತ ಇಟ್ಕೊಳಿ, ಹತ್ತು ಸಾವಿರ ಚದರಡಿ ತಾರಸಿಗೆ ಒಂಬತ್ತು ಲಕ್ಷ ಲೀಟರ್ ಬೀಳತ್ತೆ. ಸೋರಿದ್ದು, ಆವಿಯಾಗಿದ್ದು, ಮೊದಲ ಮಳೇಲಿ ಹೊರಗೆ ಬಿಟ್ಟಿದ್ದು ಎಲ್ಲಾ ಕಳೆದ್ರೂ ಏಳು ಲಕ್ಷಕ್ಕೆ ಮೋಸ ಇಲ್ಲ, 12 ಸಾವಿರ ಲೀಟರಿನ ಟ್ಯಾಂಕರ್ ಆದ್ರೆ ಸುಮಾರು ಅರವತ್ತು. ಹಂಗಾಗಿ ಶೋಕಿ ಅಲ್ಲ.

ಆದ್ರೆ ನಿಮ್ಮ ಕಾಲೇಜಿನ ಪೈಪ್ ಎಲ್ಲಿಗೆ ಹೋಗತ್ತೆ ಅಂತ ನೋಡಿದೀರಾ? ನಂಗೆ ಗೊತ್ತಿರೋ ಒಂದು ಕಾಲೇಜಲ್ಲಿ ತಾರಸಿಯಿಂದ ಚಂದದ ಪೈಪು, ನೀಲಿ ಡ್ರಮ್ಮು, ಪಕ್ಕ ಬೋರ್ಡು, ಡ್ರಮ್ಮಿಂದ ಆಚೆ ಪೈಪ್ ಸೀದಾ ಚರಂಡಿಗೆ. ನಡುವೆ ಹೊಸ ಬ್ಲಾಕ್ ಕಟ್ಟುವಾಗ ಸಂಪಿನ ಲೈನ್ ಕಿತ್ತಿದಾರೆ, ವಾಪಸ್ ಜೋಡ್ಸಿಲ್ಲ, ಯಾರೂ ಕೇಳಿಲ್ಲ. ಇನ್ನು ಕೆಲವು ಕಡೆ ಪೈಪ್ ಬಾಯಲ್ಲಿ ಪಾರಿವಾಳದ ಗೂಡು, ಫಿಲ್ಟರಿನ ಜಲ್ಲಿ ಮೇಲೆ ಗೇಣುದ್ದ ಅರಳಿ ಗಿಡ. ಏಪ್ರಿಲ್ಲಲ್ಲಿ, ಮೊದಲ ಮಳೆಗೆ ಮುಂಚೆ, ತಾರಸಿ ಗುಡಿಸಿ, ಜಲ್ಲಿ ತೊಳ್ಸಿ, ಒಂದು ಬಕೆಟ್ ನೀರು ಮೇಲಿಂದ ಸುರಿದು ಕೆಳಗೆ ಎಲ್ಲಿ ಬರತ್ತೆ ಅಂತ ನಿಂತು ನೋಡಿ. ಬರ್ದೇ ಇದ್ರೆ ನಿಮ್ಮ ಪ್ರಶ್ನೆಗೆ ಉತ್ರ ಸಿಕ್ಕಂಗೆ.

ಕೇಳೋಕೆ ಸಂಕೋಚ. ಹಾಸ್ಟೆಲಲ್ಲಿ ಪ್ಯಾಡ್ ಸುಡೋ ಮಷಿನ್ ಇಟ್ಟಿದಾರೆ, ಅದರ ಹೊಗೆಗೆ ಬಾತ್ರೂಮಲ್ಲಿ ನಿಲ್ಲೋಕಾಗಲ್ಲ. ಇದು ಸರಿನಾ?
— ಬಿ.ಕಾಂ. ವಿದ್ಯಾರ್ಥಿನಿ, ಹಾಸನ

ಸಂಕೋಚ ಯಾಕಮ್ಮ, ಕಾಲೇಜಿನ ಅರ್ಧ ಜನರ ವಿಷ್ಯ ಇದು. ಅಂಗಡಿ ಪ್ಯಾಡಲ್ಲಿ ಹತ್ತಿಗಿಂತ ಪ್ಲಾಸ್ಟಿಕ್ಕಿನ ಕಾಟ ಜಾಸ್ತಿ. ಅದನ್ನ ಸುಡ್ಬೇಕಂದ್ರೆ 800 ಡಿಗ್ರಿ ಮೇಲೆ ಬೇಕು, ಗೋಡೆಗೆ ನೇತಾಕಿರೋ ಚಿಕ್ಕ ಮಷಿನ್ನುಗಳು ಎಷ್ಟೋ ಸಲ ಅರ್ಧಂಬರ್ಧ ಬೇಯಿಸ್ತವೆ, ಆ ಹೊಗೇಲಿ ಡಯಾಕ್ಸಿನ್ ಥರದ ವಿಷ ಇರಬೌದು. ಕಾಗ್ದದಲ್ಲಿ ಸುತ್ತಿ ಬೇರೆ ಡಬ್ಬಿಗೆ ಹಾಕಿ ಕಸದ ಗಾಡಿಗೆ ಬೇರೇನೇ ಕೊಡೋದು ವಾಸಿ. ಕೊಡುವಾಗ ತಗೊಳ್ಳೋ ಪೌರಕಾರ್ಮಿಕರೂ ಹೆಣ್ಮಕ್ಳೇ ಇರ್ತಾರೆ ಅನ್ನೋದು ನೆನಪಿರ್ಲಿ, ಕೆಂಪು ಮಾರ್ಕ್ ಹಾಕಿ ಕೊಡಿ.

ಕೇರಳದ ಆಲಪ್ಪುಳದಲ್ಲಿ 2018ರ ಪ್ರವಾಹದಾಗ ಪರಿಹಾರ ಶಿಬಿರಗಳಲ್ಲಿ ಪ್ಯಾಡ್ ಎಸೆಯೋದೇ ದೊಡ್ಡ ತಲೆನೋವಾಗಿ, 2019ರಲ್ಲಿ ನಗರಸಭೆಯವ್ರು ಹೆಣ್ಮಕ್ಳಿಗೆ ಸಾವಿರಗಟ್ಲೆ ಮುಟ್ಟಿನ ಕಪ್ ಪುಕ್ಕಟೆ ಹಂಚಿದ್ರು. ಆ ಯೋಜನೆ ಹೆಸ್ರು ‘ತಿಂಗಳ್’, ಅಲ್ಲಿ ಚಂದ್ರ ಅಂತ, ನಮ್ಮ ಹಳಗನ್ನಡದಲ್ಲೂ ತಿಂಗಳು ಅಂದ್ರೆ ಅದೇ. ಒಳ್ಳೇ ಸಿಲಿಕಾನ್ ಕಪ್ ಒಂದು ಐದು ವರ್ಷದ ಮೇಲೇ ಬರತ್ತೆ. ಎಲ್ರಿಗೂ ಒಗ್ಗತ್ತೆ ಅಂತಲ್ಲ, ಬಲವಂತ ಬೇಡ. ಒಬ್ರು ಲೇಡಿ ಡಾಕ್ಟರನ್ನ ಹಾಸ್ಟೆಲಿಗೆ ಕರ್ಸಿ, ಮಕ್ಳು ತಮಗನ್ಸಿದ್ದು ಕೇಳ್ಲಿ. ಜೊತೆಗೆ ಬಾತ್ರೂಮಲ್ಲಿ ನೀರು, ಸೋಪು, ಚಿಲಕ ಸರಿ ಇರ್ಲಿ, ಇವಿಲ್ದೆ ಕಪ್ಪಿನ ಭಾಷಣ ಮಾಡಬಾರ್ದು.

ಬರೀ ಬೈಗುಳನೇ ಆಯ್ತು. ನಮ್ಮ ರಾಜ್ಯದಲ್ಲಿ ಒಳ್ಳೇ ಕ್ಯಾಂಪಸ್ ಒಂದೂ ಇಲ್ವಾ?
— ಓದುಗರು, ಮಂಡ್ಯ

ಇದೆ ಇದೆ. ಬೆಂಗ್ಳೂರಿನ ಜಿಕೆವಿಕೆ, ಕೃಷಿ ವಿಶ್ವವಿದ್ಯಾಲಯದ ಕ್ಯಾಂಪಸ್ಸು, ಅದನ್ನ 2010ರಲ್ಲಿ ಸರ್ಕಾರವೇ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಮಾಡಿದೆ, ಜೀವವೈವಿಧ್ಯ ಕಾಯ್ದೆ ಪ್ರಕಾರ. ದೇವನಹಳ್ಳಿ ರಸ್ತೆ ಗದ್ದಲದಿಂದ ಒಳಗೆ ಹೋದ್ರೆ ಬೇರೆ ಊರಿಗೆ ಬಂದಂಗಾಗತ್ತೆ. ಮೈಸೂರಲ್ಲಿ ಮಾನಸಗಂಗೋತ್ರಿ ಪಕ್ಕದ ಕುಕ್ಕರಹಳ್ಳಿ ಕೆರೆ ನೋಡಿ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1864ರಲ್ಲಿ ಗದ್ದೆಗೆ ನೀರು ಕೊಡೋಕೆ ಕಟ್ಟಿದ್ದು, ಯೂನಿವರ್ಸಿಟಿ ಕೈಗೆ ಬಂದು ಇವತ್ತೂ ಅಲ್ಲಿ ಹೆಜ್ಜಾರ್ಲೆಗಳು ಈಜ್ತಾವೆ, ಕುವೆಂಪು ವಾಕಿಂಗ್ ಮಾಡ್ತಿದ್ದ ದಂಡೆ ಅದು. ಕೊಳಚೆ ನೀರಿನ ರಗಳೆ ಅದಕ್ಕೂ ತಪ್ಪಿದ್ದಲ್ಲ, ಊರಿನ ಜನ ಜಗಳ ಆಡಿ ಆಡಿ ಇಷ್ಟು ಉಳಿದಿದೆ. ಟಾಟಾ ಇನ್‌ಸ್ಟಿಟ್ಯೂಟಿನ ಒಳಗೆ, ಐಐಎಸ್‌ಸಿ ಅಂತಾರಲ್ಲ, ಒಂದು ಮೂಲೆಗೆ ಪಶ್ಚಿಮ ಘಟ್ಟದ ಗಿಡಗಳನ್ನ ತಂದು ನೆಟ್ಟು ಕಾಡೇ ಮಾಡಿದಾರೆ.

ನೀವೇ ಗಮನಿಸಿ, ಮೊದಲ ಎರಡೂ ಕಡೆ ಹೊಸದಾಗಿ ಮಾಡಿದ್ದಕ್ಕಿಂತ ಕೆಡಿಸ್ದೆ ಬಿಟ್ಟಿದ್ದೇ ಜಾಸ್ತಿ. ನಮ್ಮ ಕಾಲೇಜುಗಳಿಗೆ ದುಡ್ಡು ಬಂದ ತಕ್ಷಣ ಮಾಡೋ ಮೊದಲ ಕೆಲ್ಸ ಮರದ ಬುಡದ ತನಕ ಇಂಟರ್‌ಲಾಕ್ ಟೈಲ್ಸ್ ಹಾಕ್ಸೋದು. ಹೊಂಗೆ ಹೂವು ಮಾರ್ಚಲ್ಲಿ ಕಡ್ಲೆಪುರಿ ಚೆಲ್ಲಿದಂಗೆ ಬಿದ್ದಿರ್ತಿತ್ತು ಮಣ್ಣ ಮೇಲೆ, ಈಗ ಟೈಲ್ಸ್ ಮೇಲೆ ಬಿದ್ರೆ ‘ಗಲೀಜು’.

ಪರಿಸರ ಅಧ್ಯಯನ ಪೇಪರ್ ಯಾಕಿಟ್ಟಿದಾರೆ? ಹಿಂದಿನ ರಾತ್ರಿ ಓದಿದ್ರೂ ಪಾಸಾಗತ್ತೆ.
— ಬಿ.ಎ. ಮೊದಲ ವರ್ಷ, ಕೋಲಾರ

ವಕೀಲರು ಎಂ.ಸಿ. ಮೆಹ್ತಾ ಸುಪ್ರೀಂ ಕೋರ್ಟಿಗೆ ಹೋಗಿ, 1991ರಲ್ಲಿ ಕೋರ್ಟು ಎಲ್ಲಾ ಹಂತದಲ್ಲೂ ಪರಿಸರ ಪಾಠ ಇರ್ಲಿ ಅಂತ ಹೇಳ್ತು. ಎಳೆದೂ ಎಳೆದೂ 2003ರ ಹೊತ್ಗೆ ಯುಜಿಸಿ ಡಿಗ್ರಿಯವ್ರಿಗೆ ಆರು ತಿಂಗ್ಳ ಕಡ್ಡಾಯ ಕೋರ್ಸ್ ಮಾಡ್ತು. ಅದ್ರಲ್ಲಿ ಫೀಲ್ಡ್ ವರ್ಕ್ ಅಂತ ಒಂದು ಭಾಗನೇ ಇತ್ತು, ಅದಕ್ಕೆ ಎಲ್ರೂ ಒಂದೇ ಸೀನಿಯರ್ ಬರೆದ ‘ಕೆರೆಗೆ ಭೇಟಿ’ ವರದಿನ ಕಾಪಿ ಹೊಡಿಯೋದು, ನಾನು ಒಂದೇ ಕೆರೇಲಿ ಒಂದೇ ದಿನ ಬಂದ ಒಂದೇ ಬೆಳ್ಳಕ್ಕಿ ಬಗ್ಗೆ 74 ವರದಿ ತಿದ್ದಿದೀನಿ. ನಿಮ್ಮ ಮೇಷ್ಟ್ರಿಗೆ ಹೇಳಿ, ಮೇಲೆ ಬರೆದ ರಾತ್ರಿ ಮೀಟರು, ಮೆಸ್ ಡ್ರಮ್ಮು, ಮಳೆ ಪೈಪು, ಇವೇ ಫೀಲ್ಡ್ ವರ್ಕ್ ಆಗ್ಲಿ.

ನಮ್ಮ ಕಾಲೇಜು ಕಾರ್ಯಕ್ರಮಗಳಲ್ಲಿ ಹಾರ ಶಾಲು ಬಿಟ್ಟು ಅತಿಥಿಗಳಿಗೆ ಸಸಿ ಕೊಡ್ತಿದೀವಿ. ಒಳ್ಳೇದಲ್ವಾ?
— ಪ್ರಿನ್ಸಿಪಾಲ್, ಚಿಕ್ಕಮಗಳೂರು

ಒಳ್ಳೇದೇ ಸಾರ್, ಆದ್ರೆ ಆ ಅತಿಥಿ ಕಾರ್ ಡಿಕ್ಕಿಲಿ ಅದು ಎಷ್ಟು ದಿನ ಇರತ್ತೆ ಅಂತ ವಿಚಾರ್ಸಿದೀರಾ? ಕೊಡೋದು ಕ್ರೋಟನ್ನು, ಜರಿ ಕಾಗ್ದ ಸುತ್ತಿ, ರಿಬ್ಬನ್ ಕಟ್ಟಿ. ನಮ್ಮ ಮನೆ ಮೆಟ್ಲ ಮೇಲೆ ಅಂಥವು ಏಳಿವೆ, ನಾಲ್ಕರಲ್ಲಿ ಈಗ ಬರೀ ಮಣ್ಣು. ಕೊಡ್ಲೇಬೇಕಂದ್ರೆ ಕರಿಬೇವು ಕೊಡಿ, ಒಗ್ಗರಣೆ ಆಸೆಗಾದ್ರೂ ದಿನಾ ಒಂದು ಚೊಂಬು ನೀರು ಬೀಳತ್ತೆ. ನನ್ನನ್ನೇನಾದ್ರೂ ಕರ್ಯೋ ಯೋಚ್ನೆ ಇದ್ರೆ ನಂಗೂ ಒಂದು ಎತ್ತಿಡಿ, ಹೋದ ಏಪ್ರಿಲ್ಲಲ್ಲಿ ಮಗಳ ಮನೆಗೆ ಹೋಗಿ ಇಪ್ಪತ್ತು ದಿನ ಬಿಟ್ಟು ಬಂದೆ, ನಂದು ಒಣಗೋಗಿತ್ತು.